ಚೌಕಗಳಲ್ಲಿ ಬಂದ ಕುಬಸದ ಕರೆ

ಹಾನಗಲ್ಲ,
೯ ಸೆಪ್ಟೆಂಬರ್ ೨೦೨೪

ಪ್ರೀತಿಯ ತಂಗಿ ವಾಣಿಶ್ರೀ,

ಆರಾಮ ಇದ್ದೀಯಾ? ಮೊಣಕಾಲಿನ ಬಾವು ಇಳಿಯಿತೇ? ಬಸುರಿ ಮಗಳು ರಂಜನಾಗೆ ಏಳು ತಿಂಗಳು ತುಂಬುತ್ತಾ ಬಂತು, ಬಿಸಿಲಿಗೆ ಬಿಡಬೇಡ. ನಾನು ಚೆನ್ನಾಗಿದ್ದೇನೆ. ಫೋನ್ ಬಿಟ್ಟು ಕಾಗದ ಬರೆದಿದ್ದಾಳೆ ಎಂದು ನಗಬೇಡ. ಫೋನ್ ಮಾಡಿದರೆ ನೀನು ಸ್ಪೀಕರಿಗೆ ಹಾಕುತ್ತೀ, ಮನೆಯವರೆಲ್ಲ ಕೇಳುತ್ತಾರೆ.

ರಂಜನಾಳ ಕುಬಸದ ಕರೆಯನ್ನು ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಹಾಕಿದೆಯಲ್ಲ, ನನ್ನ ಫೋನಿನಲ್ಲಿ ಅದು ಬರೀ ಚೌಕ. ‘ಎಲ್ಲರಿಗೂ ನಮಸ್ಕಾರ’ ಎಂಬುದೊಂದು ಓದಲಿಕ್ಕೆ ಬಂತು. ಅದರ ಕೆಳಗೆ ಸಾಲುಸಾಲು ಖಾಲಿ ಚೌಕ, ಗಾಜು ಕೂಡಿಸದ ಕಿಟಕಿಗಳ ಹಾಗೆ. ಮೊಬೈಲ್ ಅಂಗಡಿಯ ದಾದಾಪೀರ ನೋಡಿ, “ಅಕ್ಕಾರ, ಇದು ಬಳ್ಳಿ ಬಳ್ಳಿ ಡಿಸೈನಿನ ಅಕ್ಷರ. ನಿಮ್ಮ ಫೋನ ಹಳೇದೈತ್ರಿ, ತೋರಸಂಗಿಲ್ಲ. ಮ್ಯೂಸಿಯಮ್ಮಿಗೆ ಕೊಟ್ಟಬಿಡ್ರಿ” ಎಂದು ನಕ್ಕ. ಅಂಗಡಿ ತುಂಬ ಜನ, ಮನೆಯ ಕರೆಯನ್ನು ಅವನ ಫೋನಿಗೆ ಕಳಿಸಲು ಮನಸ್ಸಾಗಲಿಲ್ಲ. ಫೋನು ಹಳೆಯದೇ ಇರಬಹುದು. ಆದರೆ ದಿನಾ ಮುಂಜಾನೆ ನೀನು ಕಳಿಸುವುದೆಲ್ಲ ಸಾದಾ ಅಕ್ಷರ. ಇದೊಂದಕ್ಕೇ ಯಾಕೆ ಈ ಸಿಂಗಾರ?

ಹಂಸಭಾವಿಯ ಹೊನ್ನವ್ವ ಚಿಗವ್ವನಿಗೆ ಫೋನ್ ಮಾಡಿ ಓದಿಸಿದೆ. ಮುಂದಿನ ಗುರುವಾರ, ಸವಣೂರಿನ ನಿಮ್ಮ ಮನೆ ಎಂದು ಎರಡು ಸಾಲು ಓದಿ ನಿಂತಳು. “ಮುಂದ?” ಅಂದೆ. “ಮುಂದೇನೈತಿ, ಅಷ್ಟ. ಹಾಲಿಗೆ ಹೆಪ್ಪ ಹಾಕಬೇಕು, ಇಡ್ತೇನವಾ” ಅಂದಳು. ಮಟಮಟ ಮಧ್ಯಾಹ್ನ ಯಾರು ಹೆಪ್ಪು ಹಾಕುತ್ತಾರೆ? ಕವಿತೆ ಓದಿ ಓದಿ ನನಗೆ ಸಾಲಿನ ಉದ್ದ ಕಣ್ಣಿಗೇ ತಿಳಿಯುತ್ತದೆ, ವಾಣಿ. ಅವಳು ಓದಿದ್ದಕ್ಕಿಂತ ಚೌಕಗಳು ಬಹಳ ಇವೆ. ಅಲ್ಲೇನಿದೆ?

ಯಜಮಾನರು ತೀರಿಕೊಂಡ ಮೇಲೆ ಯಾರಾದರೂ ಮಾತು ಅರ್ಧಕ್ಕೆ ನಿಲ್ಲಿಸಿದರೆ ಉಳಿದರ್ಧ ನನ್ನ ಬಗ್ಗೆಯೇ ಎನಿಸುತ್ತದೆ. ಇದು ಬರೀ ನನ್ನ ಅನುಮಾನವಾಗಿರಲಿ. ರಂಜನಾ ನನ್ನ ತೊಡೆಯ ಮೇಲೆ ಬೆಳೆದವಳು. ಅವಳಿಗೆ ಹಸಿರು ಬಳೆ ತೊಡಿಸಿ, ನಾನೂ ಒಂದು ಆರತಿ ಮಾಡಬೇಕೆಂಬ ಆಸೆ ಇದೆ.

ನಿಮ್ಮ ಮನೆಯವರಿಗೆ ನಮಸ್ಕಾರ ತಿಳಿಸು. ರಂಜನಾಳ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ,
ಶಶಿಕಲಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪಕ್ಕದ ಮನೆಯ ಅಫ್ಸಾನಾ ಬಂದಳು. ನಿನ್ನ ಕರೆಯನ್ನು ಅವಳ ಹೊಸ ಫೋನಿಗೆ ಕಳಿಸಿದೆ, ಪೂರ್ತಿ ಕಾಣಿಸಿತು. ‘ಮುತ್ತೈದೆಯರು ಆರತಿಗೆ ಹತ್ತು ಗಂಟೆಗೆ ಬರಬೇಕು. ಉಳಿದವರು ಊಟದ ಹೊತ್ತಿಗೆ ಬಂದರೆ ಸಾಕು.’ ಆ ಗ್ರೂಪಿನ ಹೆಂಗಸರಲ್ಲಿ ಉಳಿದವಳು ನಾನೊಬ್ಬಳೇ. ಊಟ ಬೇಡ. ಹತ್ತಕ್ಕೇ ಬರುತ್ತೇನೆ. ಬಾಗಿಲಲ್ಲಿ ನಿಲ್ಲಿಸುವುದಿದ್ದರೆ ನೀನೇ ನಿಲ್ಲಿಸು, ನಿಮ್ಮ ಅತ್ತೆಯವರಿಂದ ಹೇಳಿಸಬೇಡ.