ಸೀಟಿನ ಹಳಿಯ ಮೇಲೊಂದು ಗೆರೆ

ಮಾರ್ಚ್ 3, ಸೋಮವಾರ. ಬೆಳಗ್ಗೆ 6.40

ಕಾರಿನ ಹೊದಿಕೆ ತೆಗೆದು ಒರೆಸಿದ್ದಾಯಿತು. ಹನ್ನೆರಡು ನಿಮಿಷ. ಬಲಬಾಗಿಲ ಕೆಳಗೆ ಗೀರು ಬಿದ್ದಿದೆ ಅನ್ನಿಸಿ ಬಗ್ಗಿ ನೋಡಿದೆ. ಕೂದಲು. ಊದಿದೆ, ಹೋಯಿತು.

ಶೋರೂಮಿನ ಟೈ ನಿನ್ನೆ ಮತ್ತೆ ಫೋನ್ ಮಾಡಿದ್ದ. ಮೂರನೇ ಸಲ. ಹೆಸರು ಹೇಳಿದ್ದ, ಮರೆತೆ. ಈ ಸೆಕೆಯಲ್ಲೂ ಟೈ ಬಿಚ್ಚದವನಿಗೆ ಬೇರೆ ಹೆಸರು ಯಾಕೆ. "ಲೋನ್ ಮುಗೀತಂತೆ ಸಾರ್, ಕಂಗ್ರಾಟ್ಸ್. ಅಪ್‌ಗ್ರೇಡ್ ಮಾಡೋಕೆ ಇದೇ ಸರಿಯಾದ ಟೈಮ್." ಸಾಲ ತೀರಿ ಇಪ್ಪತ್ತು ದಿನ. ಗೊತ್ತಿರುವುದು ಬ್ಯಾಂಕಿಗೆ, ನನಗೆ, ನನ್ನ ಹೆಂಡತಿಗೆ. ಹಾಗಾದರೆ ಅವನ ಕಿವಿಗೆ ಹಾಕಿದವರು ಯಾರು?

ಏಳು ವರ್ಷ ಕಂತು ಕಟ್ಟಿದ ಕಾರು. ಎರಡೇ ಸೀಟು, ಎರಡೇ ಬಾಗಿಲು, ಕೆಂಪು. ಕೂತರೆ ರಸ್ತೆ ಅಂಗೈಗೆ ಸಿಕ್ಕುವಷ್ಟು ಕೆಳಗೆ. ಈಗ ಪೂರ್ತಿ ನನ್ನದು. ನನ್ನದಾಯಿತು ಅನ್ನುವಷ್ಟರಲ್ಲಿ ಕೊಡು ಅನ್ನುತ್ತಾರೆ.

ಆಫೀಸಿನ ವ್ಯಾನ್ ಬಂತು. ಇವತ್ತು ಆಸ್ಪತ್ರೆಯ ನಾಲ್ಕು ಲಿಫ್ಟಿನ ತಪಾಸಣೆ.

ಮಾರ್ಚ್ 5, ಬುಧವಾರ

ಗೊಣಗಪ್ಪನ ಗ್ಯಾರೇಜಿಗೆ ಹೋಗಿದ್ದೆ. ಎಣ್ಣೆ ಬದಲಿಸಲು. ಏಳು ವರ್ಷದಿಂದ ಇದೇ ಮೆಕ್ಯಾನಿಕ್, ಏಳು ವರ್ಷದಿಂದ ಇದೇ ಗೊಣಗು. "ಈ ಗಾಡಿ ಮಾರಿದ್ರೆ ನನ್ನ ಮುಖ ನೋಡ್ಬೇಡಿ" ಅನ್ನುತ್ತಿದ್ದ ಮನುಷ್ಯ ಇವತ್ತು ಬಾನೆಟ್ ಒಳಗೆ ತಲೆ ಹಾಕಿಕೊಂಡೇ ಹೇಳಿದ:

"ಕೊಟ್ಬಿಡಿ ಸಾರ್. ಇದರ ಕಾಲ ಮುಗೀತು."

"ಏನಾಗಿದೆ?"

"ಏನೂ ಅಂತಲ್ಲ... ವಯಸ್ಸು."

ಏನಾಗಿದೆ ಅಂತ ಹೇಳಲಿಲ್ಲ. ಮುಖ ಎತ್ತಲೂ ಇಲ್ಲ. ಇಪ್ಪತ್ತಾರು ವರ್ಷದಿಂದ ಲಿಫ್ಟ್ ತಪಾಸಣೆ ಮಾಡುತ್ತಿದ್ದೇನೆ. "ಏನೂ ಇಲ್ಲ ಸಾರ್" ಅನ್ನುವ ಕಟ್ಟಡದಲ್ಲೇ ಹಗ್ಗ ಸವೆದಿರುತ್ತದೆ. ಟೈಗೂ ಇವನಿಗೂ ಒಳಒಪ್ಪಂದ. ಕಮಿಷನ್ ಇರಬೇಕು.

ಮಾರ್ಚ್ 6, ಗುರುವಾರ. ಬೆಳಗ್ಗೆ 7

ಪಕ್ಕದ ಸೀಟು ಹಿಂದೆ ಸರಿದಿದೆ. ನಾಲ್ಕು ಬೆರಳು. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ, ಅಗಲವಾಗಿ ಬಿಡಿಸಿ ಹಾಸಿದ್ದು.

ಭಾನುವಾರದಿಂದ ಆ ಸೀಟಿನಲ್ಲಿ ಯಾರೂ ಕೂತಿಲ್ಲ. ನಿಜ ಹೇಳಬೇಕೆಂದರೆ ಐದು ಭಾನುವಾರದಿಂದ. ಮೊದಲು ಪ್ರತಿ ಭಾನುವಾರ ಇವಳೂ ನಾನೂ ಕೆರೆಯ ರಸ್ತೆಗೆ ಹೋಗಿ ಬರುತ್ತಿದ್ದೆವು. ಈಗ ಒಂದು ವಾರ ತಲೆನೋವು, ಇನ್ನೊಂದು ವಾರ ಯಾರದೋ ಪರದೆ ಹೊಲಿದು ಕೊಡಬೇಕು. ನಾನೊಬ್ಬನೇ ಹೋಗಿ, ಅರ್ಧ ದಾರಿಯಿಂದ ತಿರುಗಿ ಬರುತ್ತೇನೆ.

ಗೊಣಗಪ್ಪ ಸರಿಸಿದನೇ? ಅವನು ಮುಟ್ಟಿದ್ದು ಬಾನೆಟ್ ಮಾತ್ರ. ನಾನು ಪಕ್ಕದಲ್ಲೇ ನಿಂತಿದ್ದೆ.

ಇಲಾಖೆಯ ಹಳದಿ ಸೀಮೆಸುಣ್ಣ ತಂದೆ. ಲಿಫ್ಟಿನ ಬೋಲ್ಟು ಸಡಿಲಾಗಿದೆಯೇ ತಿಳಿಯಲು ಅದರ ಮೇಲೊಂದು ಗೆರೆ ಎಳೆಯುತ್ತೇವೆ. ಬೋಲ್ಟು ತಿರುಗಿದರೆ ಗೆರೆ ಎರಡಾಗುತ್ತದೆ. ಗೆರೆಗೆ ಸುಳ್ಳು ಗೊತ್ತಿಲ್ಲ. ಸೀಟಿನ ಹಳಿಗೆ ಒಂದು, ಹಿಂದಿನ ಟೈರಿನಿಂದ ನೆಲಕ್ಕೆ ಒಂದು ಎಳೆದೆ.

ಮಾರ್ಚ್ 8, ಶನಿವಾರ

ಸೀಟಿನ ಗೆರೆ ಎರಡಾಗಿದೆ. ಟೈರಿನ ಗೆರೆ ಹಾಗೇ ಇದೆ.

ಅಂದರೆ ಕಾರು ಕದಲಿಲ್ಲ. ಒಳಗೆ ಯಾರೋ ಕೂತಿದ್ದಾರೆ. ಓಡಿಸದ ಕಾರಿನಲ್ಲಿ ಕೂತು ಏನು ಮಾಡುತ್ತಾರೆ? ಬೀಗದ ಕೈ ಎರಡೇ. ಒಂದು ನನ್ನ ಜೇಬಿನಲ್ಲಿ. ಇನ್ನೊಂದು ಅಡುಗೆಮನೆಯ ಡ್ರಾಯರಿನಲ್ಲಿ, ಇವಳ ಗುಂಡಿ-ದಾರದ ಡಬ್ಬಿಯ ಕೆಳಗೆ.

ಸೀಟನ್ನು ಸ್ವಸ್ಥಾನಕ್ಕೆ ತಂದೆ. ಹೊಸ ಗೆರೆ.

ಇವಳ ವರ್ತನೆಯೂ ಬದಲಾಗಿದೆ. ನಮ್ಮದು ಮೊದಲ ಮಹಡಿ. ಇಳಿಯಲು ಹದಿನೆಂಟು ಮೆಟ್ಟಿಲು. ನಾನು ಲಿಫ್ಟ್ ಹತ್ತುವವನಲ್ಲ, ಒಳಗಿನ ಗುಟ್ಟು ಗೊತ್ತಿರುವವನಿಗೆ ಮೆಟ್ಟಿಲೇ ಮೇಲು. ಇವಳೂ ಜೊತೆಗೆ ಇಳಿಯುತ್ತಿದ್ದಳು. ಈಗ "ನೀವು ಮುಂದೆ ಹೋಗಿ, ಬಂದೆ" ಅನ್ನುತ್ತಾಳೆ. ಹಿಂದೆಯೇ ಲಿಫ್ಟಿನ ಸದ್ದು. ಆ ಎರಡು ನಿಮಿಷದಲ್ಲಿ ಯಾರ ಜೊತೆ ಫೋನು? ಹೊಲಿಗೆ ಯಂತ್ರದ ಮುಂದೆ ಹೊಸ ಸ್ಟೂಲು ಬೇರೆ ಬಂದಿದೆ, ಬಾರಿನಲ್ಲಿರುವಂಥದ್ದು, ಎತ್ತರ. ಕೇಳಿದರೆ, "ಚೆನ್ನಾಗಿತ್ತು, ತಗೊಂಡೆ."

ಮಾರ್ಚ್ 11, ಮಂಗಳವಾರ. ಬೆಳಗ್ಗೆ 6.50

ಗೆರೆ ಸರಿಯಾಗಿದೆ. ಸೀಟು ಸರಿಯಾಗಿದೆ. ಸಮಾಧಾನವಾಯಿತು.

6.58

ಸಮಾಧಾನ ಇಲ್ಲ. ಟಾರ್ಚ್ ಹಾಕಿ ನೋಡಿದೆ. ಗೆರೆ ನೀಲಿ.

ನನ್ನದು ಹಳದಿ. ಯಾರೋ ನನ್ನ ಗೆರೆಯನ್ನು ಒರೆಸಿ, ಅದೇ ಜಾಗದಲ್ಲಿ ತಮ್ಮದೊಂದು ಎಳೆದಿದ್ದಾರೆ. ನಾನು ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವವರು. ಬೆರಳಿಗೆ ತಾಗಿಸಿ ನೋಡಿದೆ. ನುಣುಪು. ದರ್ಜಿಗಳು ಬಟ್ಟೆಯ ಮೇಲೆ ಗುರುತು ಹಾಕುವ ಸುಣ್ಣ.

ಈ ಮನೆಯಲ್ಲಿ ಹೊಲಿಯುವವಳು ಒಬ್ಬಳೇ.

ಮಾರ್ಚ್ 12, ಬುಧವಾರ

ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆ, ಅದೇ ಭಯ.

ಮಧ್ಯಾಹ್ನ ಶೋರೂಮಿಗೆ ಹೋದೆ. ಬಾಯಿ ಬಿಡಿಸೋಣ ಅಂತ. ಟೈ ಎದ್ದು ಬಂದು ಬೆಣ್ಣೆ ಹಚ್ಚಿದ. ಹೊಸ ಮಾಡೆಲ್ ತೋರಿಸಿದ. ಸುಳ್ಳು ಯಾಕೆ, ಕಣ್ಣು ಕೀಳಲು ಆಗಲಿಲ್ಲ. ನನ್ನದಕ್ಕಿಂತ ಎರಡು ಇಂಚು ಕೆಳಗೆ. ಕೂತರೆ ನೆಲವೇ ಹೊತ್ತುಕೊಂಡು ಹೋಗುತ್ತಿದೆ ಅನ್ನಬೇಕು. ಮತ್ತೆ ಕಂತು ಶುರು ಮಾಡಲೇ? ಆಸೆಯಾಯಿತು. ಆಸೆ ಹುಟ್ಟಿಸುವವನ ಮೇಲೆ ಇನ್ನೂ ಅನುಮಾನವಾಯಿತು.

"ನನ್ನ ಲೋನ್ ಮುಗಿದಿದ್ದು ನಿಮಗೆ ಹೇಗೆ ಗೊತ್ತಾಯ್ತು?"

"ಮೇಡಂ ಫೋನ್ ಮಾಡಿದ್ರಲ್ಲ ಸಾರ್, ಎಕ್ಸ್‌ಚೇಂಜ್ ಬಗ್ಗೆ—" ಅಂದವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಎಷ್ಟು ಕೆದಕಿದರೂ ಕಾಫಿ ಬೇಕಾ ಸಾರ್, ಕಾಫಿ ಬೇಕಾ ಸಾರ್.

ಇವಳೇ. ಗೊಣಗಪ್ಪ, ಟೈ, ಎಲ್ಲರ ಹಿಂದೆ ಇವಳೇ.

ರಾತ್ರಿ ಊಟಕ್ಕೆ ಕೂತಾಗ ಬೇಕೆಂದೇ ಹೇಳಿದೆ. "ಹೊಸದು ನೋಡಿ ಬಂದೆ. ಇನ್ನೂ ಎರಡು ಇಂಚು ಕೆಳಗೆ ಕೂರುತ್ತೆ. ಭಾನುವಾರ ಟೆಸ್ಟ್ ಡ್ರೈವ್." ಖುಷಿಯಾಗಬೇಕಿತ್ತಲ್ಲ, ಬದಲಿಸಲು ಹೇಳಿದವಳು ಇವಳೇ ಅಲ್ಲವೇ. ತಟ್ಟೆ ನೋಡುತ್ತಾ ಕೂತಳು.

"ಇನ್ನೂ ಕೆಳಗಾ?"

"ಹೂಂ. ಬರ್ತೀಯಾ?"

"ನೀವು ಹೋಗಿ ಬನ್ನಿ. ನನಗೆ ಕೆಲಸ ಇದೆ."

ಮೂವತ್ತು ವರ್ಷದ ಸಂಸಾರ. ಏನೇನೋ ತಲೆಗೆ ಬರುತ್ತಿದೆ. ನನ್ನ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಇವಳು, ನನ್ನ ಸೀಟಿನಲ್ಲಿ ಇನ್ನೊಬ್ಬ... ಬರೆಯಲು ನಾಚಿಕೆ. ಬರೆದಾಯಿತು.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ 1.15

ಆಫೀಸಿಗೆ ಹೋಗಲಿಲ್ಲ. ಪಾರ್ಕಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಗ್ಗೆ ವ್ಯಾನ್ ಹತ್ತಿದೆ, ಎರಡನೇ ಸ್ಟಾಪಿನಲ್ಲಿ ಇಳಿದೆ. ಹತ್ತೂವರೆಗೆ ನಮ್ಮ ಕಟ್ಟಡಕ್ಕೆ ಕಳ್ಳನ ಹಾಗೆ ಹಿಂದಿನಿಂದ ಬಂದು ಮೆಟ್ಟಿಲ ತಿರುವಿನಲ್ಲಿ ನಿಂತೆ. ಅಲ್ಲಿನ ಕಿಟಕಿಯಿಂದ ಕಾರು ನೇರ ಕಾಣುತ್ತದೆ.

11.05. ಲಿಫ್ಟು ಕೆಳಗಿಳಿಯಿತು. ಇವಳು ಬಂದಳು. ಒಬ್ಬಳೇ. ಕೈಯಲ್ಲಿ ಬೀಗದ ಕೈ, ಪ್ಲಾಸ್ಟಿಕ್ ಚೀಲ.

ಬಾಗಿಲು ತೆರೆದಳು. ಸೀಟು ಹಿಂದೆ ತಳ್ಳಿದಳು. ಚೀಲ ಹಾಸಿದಳು. ಕಾರಿಗೆ ಬೆನ್ನು ಮಾಡಿ ನಿಂತು, ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಕಾರಿನ ಚಾವಣಿ ಹಿಡಿದು, ಮೆಲ್ಲಗೆ, ಬಹಳ ಮೆಲ್ಲಗೆ ಕೆಳಗಿಳಿದಳು. ಕೊನೆಯ ಗೇಣು ಇಳಿಯಲಿಲ್ಲ, ಬಿದ್ದಳು. ಚೀಲದ ಮೇಲೆ ಜಾರುತ್ತಾ ತಿರುಗಿದಳು. ಎರಡೂ ಕೈಯಲ್ಲಿ ಬಲಗಾಲನ್ನು ಎತ್ತಿ ಒಳಗಿಟ್ಟಳು. ಯಾರದೋ ಕಾಲು ಎತ್ತಿಟ್ಟ ಹಾಗೆ. ಆಮೇಲೆ ಎಡಗಾಲು.

ಒಂದು ನಿಮಿಷ ಕೂತಳು. ನೇರ ಮುಂದೆ ನೋಡುತ್ತಿದ್ದಳು. ಮುಂದೆ ಗೋಡೆ.

ಆಮೇಲೆ ಏಳಲು ಹೊರಟಳು. ಆಗಲಿಲ್ಲ. ಮತ್ತೆ. ಮೊಣಕಾಲು ಹಿಡಿದು ಕಣ್ಣು ಮುಚ್ಚಿ ಕೂತಳು. ಮತ್ತೆ. ನಾಲ್ಕನೇ ಸಲಕ್ಕೆ ಎದ್ದು ನಿಂತು ಚಾವಣಿಯ ಮೇಲೆ ಹಣೆಯಿಟ್ಟಳು. ಚೀಲ ಮಡಿಚಿದಳು. ಸೀಟು ಮುಂದೆ ತಂದಳು. ಕುಪ್ಪಸದಿಂದ ನೀಲಿ ಸುಣ್ಣ ತೆಗೆದಳು. ಬಗ್ಗಲು ಆಗದೆ, ಬಾಗಿಲಿಗೆ ಆತುಕೊಂಡು ಕೈ ಚಾಚಿ ನನ್ನ ಗೆರೆ ತಿದ್ದಿದಳು.

ಕೂತಲ್ಲಿಂದ ಎದ್ದು ನಿಲ್ಲುವವರೆಗೆ ಹನ್ನೊಂದು ನಿಮಿಷ. ಅಭ್ಯಾಸಬಲ, ಗಡಿಯಾರ ನೋಡಿದ್ದೆ.

ಲಿಫ್ಟು ನೆಲಮಟ್ಟಕ್ಕಿಂತ ಅರ್ಧ ಇಂಚು ಕೆಳಗೆ ನಿಂತರೆ ನನ್ನ ಕಾಲಿಗೆ ಗೊತ್ತಾಗುತ್ತದೆ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ನನ್ನಂಥವನನ್ನು ನೋಡಿಯೇ ಇರಬೇಕು.

ಮಾರ್ಚ್ 14. ಸಂಜೆ 6

ಗೊಣಗಪ್ಪನ ಹತ್ತಿರ ಹೋದೆ. ಕೇಳುವ ಮೊದಲೇ ಹೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ.

"ಗಾಡಿಗೆ ಏನೂ ಆಗಿಲ್ಲ ಸಾರ್. ಅಮ್ಮಾವ್ರು ಬಂದಿದ್ರು. ಎತ್ತರದ್ದು ಯಾವುದಾದ್ರೂ ತಗೊಳ್ಳೋ ಹಾಗೆ ಮಾಡಪ್ಪ, ನನ್ನ ಮಂಡಿ ವಿಷಯ ಬಾಯಿ ಬಿಡಬೇಡ ಅಂದ್ರು. ಏಳು ವರ್ಷದಲ್ಲಿ ನಿಮಗೆ ಹೇಳಿದ ಸುಳ್ಳು ಅದೊಂದೇ."

"ಕಮಿಷನ್?"

ನನ್ನ ಮುಖ ನೋಡಿದ. "ಕಾರು ಹೋದ್ರೆ ನನಗೆ ಲಾಸು ಸಾರ್." ಸ್ಪ್ಯಾನರ್ ತಗೊಂಡು ಒಳಗೆ ಹೋದ. ಗೊಣಗಲೂ ಇಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಟೆಸ್ಟ್ ಡ್ರೈವ್ ಕ್ಯಾನ್ಸಲ್ ಮಾಡಿದೆ.

ಮಾರ್ಚ್ 19, ಬುಧವಾರ

ನಾಲ್ಕು ದಿನ ಏನೂ ಬರೆದಿಲ್ಲ. ಹೇಗೆ ಹೇಳುವುದು ತಿಳಿಯದೆ ಮನೆಯ ಕುರ್ಚಿಗಳನ್ನು ಅಳೆಯುತ್ತಿದ್ದೆ. ಊಟದ ಕುರ್ಚಿ 46 ಸೆಂಟಿಮೀಟರ್. ಇವಳು ಕೂರುತ್ತಾಳೆ. ಸೋಫಾ 38. ಯಾವಾಗಿನಿಂದ ಇವಳು ಸೋಫಾದಲ್ಲಿ ಕೂತಿಲ್ಲ? ನೆನಪಾಗಲಿಲ್ಲ. ಸ್ಟೂಲು 65. ಕಾರಿನ ಸೀಟು 27.

ಟೇಪು ಹಿಡಿದು ನೆಲದ ಮೇಲೆ ಕೂತಿದ್ದಾಗ ಹಿಂದೆ ಬಂದು ನಿಂತಿದ್ದಳು.

"ಏನ್ರೀ ಅಳೀತಿದ್ದೀರಾ?"

"ಕುರ್ಚಿ."

ಟೇಪಿನ ತುದಿ ನೋಡಿದಳು. "ನೋಡಿದ್ರಾ?"

"ಹೂಂ. ಶುಕ್ರವಾರ. ಮೆಟ್ಟಿಲ ಕಿಟಕಿಯಿಂದ."

"ಎಲ್ಲಾ?"

"ಹನ್ನೊಂದು ನಿಮಿಷ."

ಅಳುತ್ತಾಳೆ ಅಂದುಕೊಂಡೆ. ಜಗಳ ತೆಗೆಯುತ್ತಾಳೆ ಅಂದುಕೊಂಡೆ. ಮೆತ್ತಗೆ ಕೇಳಿದಳು: "ಹನ್ನೊಂದು ನಿಮಿಷ ನಿಂತು ನೋಡಿದ್ರಿ. ಇಳಿದು ಬರಬಹುದಿತ್ತಲ್ಲ?"

ಒಂಬತ್ತೇ ಮೆಟ್ಟಿಲಿತ್ತು.

"ನನಗೆ ಯಾಕೆ ಹೇಳಲಿಲ್ಲ?" ಅಂತ ತಿರುಗಿ ಕೇಳಿದೆ. ನಾನು ಕೇಳಬಾರದಿತ್ತು.

"ನೀವು ಕೆಟ್ಟ ಲಿಫ್ಟಿಗೆ ಕೆಂಪು ಚೀಟಿ ಅಂಟಿಸ್ತೀರಲ್ಲ, ಬಳಸಬಾರದು ಅಂತ. ನನಗೂ ಒಂದು ಅಂಟಿಸಿಬಿಡ್ತೀರಿ ಅನ್ನಿಸ್ತು. ಕಲಿತುಬಿಟ್ರೆ ಹೇಳೋದೇ ಬೇಡ ಅಂತ ದಿನಾ ಕೂತು ಎದ್ದು ಮಾಡಿದೆ. ಕೆರೆ ರಸ್ತೆ ಬಿಟ್ಟಿರಕ್ಕೆ ಆಗ್ಲಿಲ್ಲ ರೀ."

ನಾನೂ ಬಿಟ್ಟಿರಲು ಆಗದೆ ಅರ್ಧ ದಾರಿಯಿಂದ ವಾಪಸ್ ಬರುತ್ತಿದ್ದೆ ಅಂತ ಹೇಳಿದೆ. ಅದನ್ನು ಮೊದಲೇ ಹೇಳಿದ್ದರೆ ಇಷ್ಟು ಸುಣ್ಣ ಖರ್ಚಾಗುತ್ತಿರಲಿಲ್ಲ.

ಮಾರ್ಚ್ 22, ಶನಿವಾರ

ಇಬ್ಬರೂ ಶೋರೂಮಿಗೆ ಹೋಗಿದ್ದೆವು. ಆಟೋದಲ್ಲಿ. ಟೈ ಮತ್ತೆ ಆ ಕೆಳಗಿನ ಮಾಡೆಲ್ ಕಡೆ ಕೈ ತೋರಿಸಿದ. ಟೇಪು ತೆಗೆದೆ. ಒಂದೊಂದೇ ಕಾರಿನ ಸೀಟು ಅಳೆದೆ. ಎಂಜಿನ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದ ಗಿರಾಕಿಯನ್ನು ಅವನು ಇದೇ ಮೊದಲು ನೋಡಿದ್ದಂತೆ.

ಬೂದು ಬಣ್ಣದ್ದೊಂದು, 58 ಸೆಂಟಿಮೀಟರ್. ಬಟ್ಟೆಯ ಬೀರುವಿಗೆ ಚಕ್ರ ಹಾಕಿದ ಹಾಗಿದೆ. ಇವಳು ಬಾಗಿಲು ತೆರೆದು ಹಾಗೇ ಕೂತಳು. ಒಂದೇ ಸಲಕ್ಕೆ. ಎದ್ದಳು. ಮತ್ತೆ ಕೂತಳು.

"ಚಂದ ಇಲ್ಲ ಅಲ್ವಾ?" ಅಂದಳು.

"ಇಲ್ಲ."

"ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ. ಬೇಡ ಬಿಡಿ, ಆ ಕಾರೇ ಇರ್ಲಿ."

"ಇದೇ ಸಾಕು" ಅಂದೆ. ಟೈ ಹಲ್ಲು ಬಿಟ್ಟ. ಅಷ್ಟು ನಗುವಿನಲ್ಲಿ ಏನೋ ಇದೆ. ಕಾಗದವನ್ನು ಎರಡು ಸಲ ಓದಿ ಸಹಿ ಹಾಕಿದೆ.

ಬೇಜಾರಾಗಲಿಲ್ಲ ಅಂದರೆ ಸುಳ್ಳು. ಬಹಳ ಬೇಜಾರಾಯಿತು. ತಿಂಗಳ ಕೊನೆಯ ಸೋಮವಾರ ಕೆಂಪು ಕಾರು ಕೊಡಬೇಕು.

ಮಾರ್ಚ್ 30, ಭಾನುವಾರ. ಬೆಳಗ್ಗೆ 6.30

ನಾಳೆ ಕೊಡುವುದು. ಒರೆಸಿ ಬಂದೆ, ಹದಿನೈದು ನಿಮಿಷ. ಸೀಟು ಹಿಂದೆ ತಳ್ಳಿ, ನಾನೇ ಚೀಲ ಹಾಸಿದೆ. ಇವತ್ತೊಂದು ದಿನ ಇದರಲ್ಲೇ ಕೆರೆ ರಸ್ತೆಗೆ ಹೋಗೋಣ ಅಂದಿದ್ದಾಳೆ. "ನೋವಾಗುತ್ತೆ" ಅಂದೆ. "ಆಗ್ಲಿ. ಹತ್ತಿಸೋದು ಇಳಿಸೋದು ನಿಮ್ಮ ಕೆಲಸ ತಾನೆ, ಇಪ್ಪತ್ತಾರು ವರ್ಷದ ಸರ್ವೀಸು" ಅಂದಳು.

ಒಳಗೆ ತಲೆ ಬಾಚುತ್ತಿದ್ದಾಳೆ. ನಾನು ಇಷ್ಟು ಬರೆದು ಮುಗಿಸುವಷ್ಟರಲ್ಲಿ—

ಒಳಗೆ ಸದ್ದಿಲ್ಲ. ಬಾಗಿಲು ತೆರೆದಿದೆ. ಲಿಫ್ಟು ಕೆಳಗಿದೆ. ಡ್ರಾಯರಿನಲ್ಲಿ ಬೀಗದ ಕೈ ಇಲ್ಲ.

ಕೆಳಗಿನಿಂದ ಹಾರ್ನ್. ನಮ್ಮದೇ. ಒಬ್ಬಳೇ ಕೂತುಬಿಟ್ಟಿದ್ದಾಳೆ. ಹಟಮಾರಿ. ಏಳುವಾಗಲಾದರೂ ನಾನು ಅಲ್ಲಿರಬೇಕು, ಕಿಟಕಿಯ ಹತ್ತಿರ ನಿಲ್ಲದೆ ನೇರ ಕೆಳಗೆ—