ಇನ್ನೂರು ತೂತುಗಳಿಗೆ ಒಂದು ಬೊಂಬಾಯಿ

ಮಂಗಳೂರು, ೧೭ ಡಿಸೆಂಬರ್ ೧೯೮೩

ಸಿಟಿ ಬಸ್ಸುಗಳ ಮತ್ತು ಬೊಂಬಾಯಿ ಬಸ್ಸಿನ ಮಾಲಕರಾದ ಮಾನ್ಯರೇ,

ನನ್ನ ಕಾರ್ಡಿನಲ್ಲಿ ಇನ್ನೂರು ತೂತುಗಳಿವೆ. ಆ ತೂತುಗಳಿಗೆಲ್ಲ ಹಣ ಕಟ್ಟಬೇಕೆಂದು ಹಂಪನಕಟ್ಟೆಯ ನಿಮ್ಮ ಆಫೀಸು ಹೇಳುತ್ತದೆ. ಅದೇ ತೂತುಗಳಿಗೆ ಬಹುಮಾನ ಸಿಗುವುದಿಲ್ಲವೆಂದೂ ಅದೇ ಆಫೀಸು, ಅದೇ ಕಿಟಕಿಯಿಂದ, ನಡುವೆ ಒಂದು ಸಲ ಕೆಮ್ಮಿ ಹೇಳುತ್ತದೆ. ಒಂದು ತೂತು ಬಿಲ್ಲಿಗೆ ನಿಜವಾಗಿ, ಬೊಂಬಾಯಿಗೆ ಸುಳ್ಳಾಗುವುದು ಹೇಗೆಂದು ಲಾಜಿಕ್ ಕಲಿಸುವ ನಮ್ಮ ಲೆಕ್ಚರರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಇದು ಪರೀಕ್ಷೆಗೆ ಬರುವುದಿಲ್ಲ" ಎಂದರು. ಆದುದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ, ಊರೆಲ್ಲ ಓದುವ ಹಾಗೆ ಪೇಪರಿನಲ್ಲಿ. ಇಪ್ಪತ್ತಮೂರನೇ ತಾರೀಕಿನ ನಿಮ್ಮ ಬೊಂಬಾಯಿ ಬಸ್ಸಿನಲ್ಲಿ ನನಗೊಂದು ಸೀಟು ಬೇಕು. ಕಿಟಕಿಯ ಪಕ್ಕ ಆಗಬೇಕೆಂದು ಹಟವಿಲ್ಲ.

ನಾನು ಕುಲಶೇಖರದ ಒಂದು ಲೇಡೀಸ್ ಹಾಸ್ಟೆಲಿನಲ್ಲಿದ್ದುಕೊಂಡು ಪ್ರಥಮ ಬಿ.ಎ. ಓದುವವಳು. ಆರನೇ ವಯಸ್ಸಿನಿಂದ ಬೋರ್ಡಿಂಗಿನಲ್ಲೇ ಬೆಳೆದದ್ದರಿಂದ ನನ್ನ ಕನ್ನಡ ಅರ್ಧ ಇಂಗ್ಲಿಷು. ಧೈರ್ಯ ಅರ್ಧಕ್ಕಿಂತಲೂ ಕಡಿಮೆ. ಬೆಲ್ಲು ಹೊಡೆದರೆ ಎದ್ದು ನಿಲ್ಲುತ್ತೇನೆ, ಅದು ಐಸ್‌ಕ್ಯಾಂಡಿಯವನ ಸೈಕಲಿನ ಬೆಲ್ಲಾದರೂ ಸರಿ. ರೂಲ್ಸು ಅಚ್ಚಾದ ಕಾಗದ ಕಂಡರೆ ಕೊನೆಯ ಸಾಲಿನಲ್ಲಿರುವ ಪ್ರೆಸ್ಸಿನ ಹೆಸರಿನವರೆಗೆ ಓದುತ್ತೇನೆ. ಈ ಪತ್ರದ ಒತ್ತಕ್ಷರಗಳನ್ನು ನನ್ನ ರೂಮ್‌ಮೇಟ್ ಶಶಿಪ್ರಭಾ ತಿದ್ದಿದ್ದಾಳೆ. ಸಿಟ್ಟು ಮಾತ್ರ ಪೂರ್ತಿ ನನ್ನದು.

ಜೂನ್ ತಿಂಗಳಲ್ಲಿ ನೀವು ಕಾಲೇಜುಗಳ ಗೇಟಿನಲ್ಲಿ ಹಂಚಿಸಿದ ಹಳದಿ ನೋಟೀಸು ನಿಮಗೆ ನೆನಪಿರಬಹುದು. "ಈಗ ಪ್ರಯಾಣ, ತಿಂಗಳ ಕೊನೆಗೆ ಹಣ!" ಎಂದು ಮೇಲೆ. "ಇನ್ನೂರು ಸಲ ಹತ್ತಿರಿ, ಬೊಂಬಾಯಿಗೆ ಉಚಿತವಾಗಿ ಹೋಗಿ ಬನ್ನಿರಿ!" ಎಂದು ಕೆಳಗೆ. ಬಸ್ಸು ಹತ್ತಿದ ಪ್ರತಿ ಸಲವೂ ಕಂಡಕ್ಟರು ಕಾರ್ಡಿಗೆ ಒಂದು ತೂತು ಹೊಡೆಯಬೇಕು. ತಿಂಗಳ ಕೊನೆಗೆ ಆ ತಿಂಗಳ ತೂತುಗಳನ್ನು ಎಣಿಸಿ ನಾವು ಹಣ ಕಟ್ಟಬೇಕು. ಡಿಸೆಂಬರ್ ಹದಿನೈದರ ಒಳಗೆ ತೂತು ಇನ್ನೂರಾದರೆ ಬೊಂಬಾಯಿ. ಬೇರೆ ದೇಶಗಳಲ್ಲಿ ಇಂಥದನ್ನು ಕ್ರೆಡಿಟ್ ಕಾರ್ಡ್ ಎನ್ನುತ್ತಾರೆ, ಮಂಗಳೂರಿಗೆ ನಾವೇ ಮೊದಲು ತಂದದ್ದು ಎಂದು ನಿಮ್ಮ ಗುಮಾಸ್ತರಾದ ಗುಣಪಾಲರು ನನ್ನ ಫೋಟೋಕ್ಕೆ ಗೋಂದು ಹಚ್ಚುತ್ತಾ ಹೇಳಿದರು. ಅರ್ಧ ಇಂಗ್ಲಿಷಿನ ಹುಡುಗಿಗೆ ಅಷ್ಟು ಸಾಕಾಯಿತು.

ಲಾಭಗಳನ್ನು ಮುಚ್ಚಿಡುವವಳಲ್ಲ ನಾನು. ಕಾರ್ಡು ಬಂದ ಮೇಲೆ ಚಿಲ್ಲರೆಯ ಜಗಳ ತಪ್ಪಿತು. ಬಾಕಿ ಐದು ಪೈಸೆಯ ಬದಲಿಗೆ ಪೆಪ್ಪರ್‌ಮಿಂಟು ತಿಂದು ಹಲ್ಲು ಹಾಳಾಗುವುದೂ ತಪ್ಪಿತು. ಪರ್ಸಿನಲ್ಲಿ ನನ್ನದೇ ಫೋಟೋ ಇರುವ ಒಂದು ಕಾರ್ಡು ಉಂಟೆಂದರೆ ಬೆನ್ನು ತಾನಾಗಿ ನೇರವಾಗುತ್ತದೆ. ನಷ್ಟ ಏನೆಂದರೆ, ಕಾರ್ಡು ಇದ್ದವರಿಗೆ ಕಾಲುಗಳು ಮರೆತುಹೋಗುತ್ತವೆ. ಆಗಸ್ಟಿನ ನಾಲ್ಕು ಆದಿತ್ಯವಾರವೂ ನಾನು ಮತ್ತು ಶಶಿಪ್ರಭಾ ಚರ್ಚಿನ ಪೂಜೆ ಮುಗಿದ ಕೂಡಲೇ ಮಣ್ಣಗುಡ್ಡಕ್ಕೆ ಹೋಗಿ ಬಂದೆವು. ಪೂಜೆ ನನ್ನದು, ಅವಳದ್ದು ಗೇಟಿನಲ್ಲಿ ಕಾಯುವ ಕೆಲಸ. ಮಣ್ಣಗುಡ್ಡದಲ್ಲಿ ನಮಗೆ ಯಾರಿದ್ದಾರೆ? ಯಾರೂ ಇಲ್ಲ. ಮೂರನೇ ವಾರ ಒಂದು ಮನೆಯ ನಾಯಿ ನಮ್ಮ ಗುರುತು ಹಿಡಿದು ಬೊಗಳುವುದನ್ನು ನಿಲ್ಲಿಸಿತು, ಅಷ್ಟೇ ಸಂಪಾದನೆ. ಬಹುಮಾನಕ್ಕಾಗಿ ಬೇಡದ ಊರಿಗೆ ಹೋಗುವುದು ಪ್ರಯಾಣವೋ, ನಿಮ್ಮ ಬಸ್ಸಿಗೆ ನಾವು ಮಾಡುವ ಚಾಕರಿಯೋ?

ಇದೆಲ್ಲ ಇರಲಿ. ನಿಮ್ಮ ಯೋಜನೆಯ ದೊಡ್ಡ ದೋಷ ನೋಟೀಸಿನಲ್ಲಿ ಇರಲಿಲ್ಲ. ಅದು ನಮ್ಮೂರಿನ ಮರ್ಯಾದೆಯಲ್ಲಿ ಇತ್ತು.

ಕುಲಶೇಖರದಿಂದ ಮಣ್ಣಗುಡ್ಡಕ್ಕೆ ಹೋಗುವ ನಿಮ್ಮ ಬಸ್ಸಿನ ಕಂಡಕ್ಟರು ಮಮ್ಮು. ಇಪ್ಪತ್ತು ವರ್ಷದಿಂದ ಅದೇ ಫುಟ್‌ಬೋರ್ಡಿನಲ್ಲಿ ನಿಂತವರು. ಮೊದಲ ವಾರ ನನ್ನ ಕಾರ್ಡಿಗೆ ಮೂರು ತೂತು ಹೊಡೆದರು. ನಾಲ್ಕನೇ ಸಲ ನಾನು ಕಾರ್ಡು ಚಾಚಿದರೆ ಕೈ ಅಡ್ಡ ಮಾಡಿದರು.

"ಒಳಗೆ ಇಡಿ ಬಾಯಮ್ಮ. ದಿನಾ ಬರುವವರು ನೀವು. ಗುರುತಿನವರ ಹತ್ತಿರ ಕಾರ್ಡು ಕೇಳುವುದು ಮರ್ಯಾದೆಯಾ?"

"ತೂತು ಹೊಡೆಯಬೇಕಲ್ಲ?"

"ಎಂತಕ್ಕೆ? ನನಗೆ ನಿಮ್ಮ ಮೇಲೆ ನಂಬಿಕೆ ಉಂಟು. ದುಂಬು ಪೋಲೆ, ಮುಂದೆ ಹೋಗಿ! ರೈಟ್!"

ಜನ ನನ್ನನ್ನು ಮುಂದೆ ತಳ್ಳಿಕೊಂಡು ಹೋದರು. ಹೀಗೆ ಪ್ರತಿ ದಿನ ನಾನು ನಂಬಿಕೆಯ ಮೇಲೆ ಪ್ರಯಾಣ ಮಾಡಿದೆ. ಜುಲೈಯ ಕೊನೆಗೆ ಹಣ ಕಟ್ಟಲು ಹೋದರೆ ಗುಣಪಾಲರು ಕಾರ್ಡನ್ನು ಬೆಳಕಿಗೆ ಹಿಡಿದು, "ಮೂರು" ಎಂದರು. ನಾನು, "ಸರ್, ನಾನು ನಲವತ್ತೆಂಟು ಸಲ ಬಂದಿದ್ದೇನೆ" ಎಂದೆ. ಅವರು ಆಚೀಚೆ ನೋಡಿ ಸ್ವರ ತಗ್ಗಿಸಿದರು. "ಹಾಗೆ ಹೇಳಿಕೊಳ್ಬೇಡಿ. ಟಿಕೇಟು ಇಲ್ಲದೆ ಬಂದದ್ದು ಅಂತ ಆಗ್ತದೆ."

ಮಾನ್ಯರೇ, ಹಣ ಕೊಡುತ್ತೇನೆಂದು ಕಿಟಕಿಯಲ್ಲಿ ನಿಂತು ಬೇಡಿಕೊಂಡ ಗಿರಾಕಿಯನ್ನು ನೀವು ಬೇರೆ ಎಲ್ಲಿಯಾದರೂ ಕಂಡಿದ್ದೀರಾ?

ಇದೇ ಬಸ್ಸಿನಲ್ಲಿ ಬರುವ ಬಾಸಿಲ್ ಎಂಬವನ ಕತೆ ಕೇಳಿ. ದ್ವಿತೀಯ ವರ್ಷದವನು. ಸ್ಟಾಪು ಬರುವ ಮೊದಲೇ ಹಿಂದಿನ ಬಾಗಿಲಿನಿಂದ ಹಾರಿ ಟಿಕೇಟು ಉಳಿಸುವುದರಲ್ಲಿ ಅವನಿಗೆ ಊರಿಗೇ ಹೆಸರು. ಅವನ ಮೇಲೆ ಮಮ್ಮು ಅವರಿಗೆ ಎಳ್ಳಷ್ಟೂ ನಂಬಿಕೆ ಇಲ್ಲ. ಅವನು ಹತ್ತಿದ ಕೂಡಲೇ ಕಾಲರ್ ಹಿಡಿದು, "ತೆಗಿ ಮಾರಾಯ ಕಾರ್ಡು" ಎಂದು ಟಕ್ಕೆಂದು ತೂತು. ಪರಿಣಾಮವಾಗಿ ನವೆಂಬರ್ ಮುಗಿಯುವ ಮೊದಲೇ ಬಾಸಿಲನಿಗೆ ಇನ್ನೂರು ತುಂಬಿತು. ಬೊಂಬಾಯಿಯಲ್ಲಿ ಅವನಿಗೆ ಯಾರೂ ಇಲ್ಲ. "ಎಂತ ಮಾಡ್ಲಿಕ್ಕೆ ಹೋಗುವುದು?" ಎಂದು ಕೇಳಿದೆ. "ಸಮುದ್ರ ನೋಡ್ಲಿಕ್ಕೆ" ಎಂದ. ಮಂಗಳೂರಿನವನು!

ಮರ್ಯಾದಸ್ಥರಿಗೆ ಸೊನ್ನೆ, ಕಳ್ಳನಿಗೆ ಬಹುಮಾನ. ಇಷ್ಟು ನೇರವಾಗಿ ನಡೆಯುವ ಯೋಜನೆಯನ್ನು ಸರಕಾರ ಕೂಡ ಮಾಡಲಾರದು.

ನನಗೆ ಬೊಂಬಾಯಿಯಲ್ಲಿ ಒಬ್ಬರಿದ್ದಾರೆ. ನನ್ನ ಮಮ್ಮಿ, ಲೂರ್ಡ್ಸ್ ಮಿನೇಜಸ್, ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಪಪ್ಪ ನಾನು ಚಿಕ್ಕವಳಿರುವಾಗಲೇ ತೀರಿಕೊಂಡರು. ಮಮ್ಮಿಗೆ ನೈಟ್ ಡ್ಯೂಟಿ ಇದ್ದದ್ದರಿಂದಲೇ ನಾನು ಬೋರ್ಡಿಂಗಿನ ಮಗಳಾದದ್ದು. ಈಗ ಅವರಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿದೆ. ಇದೇ ಇಪ್ಪತ್ತಾರರ ವಿಮಾನ, ಎರಡು ವರ್ಷದ ಕಾಂಟ್ರಾಕ್ಟು, ನಡುವೆ ರಜೆ ಇಲ್ಲ. ನಾನು ಇಪ್ಪತ್ತಮೂರಕ್ಕೆ ಹೊರಟರೆ ಇಪ್ಪತ್ತನಾಲ್ಕರ ಸಂಜೆಗೆ ಮುಟ್ಟುತ್ತೇನೆ. ಒಂದು ಕ್ರಿಸ್‌ಮಸ್ಸು ಒಟ್ಟಿಗೆ ಸಿಗುತ್ತದೆ. ಟಿಕೇಟಿಗೆಂದು ಮಮ್ಮಿ ನವೆಂಬರಿನಲ್ಲೇ ಮನಿ ಆರ್ಡರ್ ಕಳುಹಿಸಿದ್ದರು.

ಆ ಹಣ ಎಲ್ಲಿ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ನನ್ನ ಮಂಚದ ಅಡಿಯಲ್ಲಿದೆ, ಸೂಟ್‌ಕೇಸಿನ ರೂಪದಲ್ಲಿ. ಮಮ್ಮಿ ನರ್ಸಿಂಗ್ ಕಲಿಯಲು ಹೋದಾಗಿನ ತಗಡಿನ ಟ್ರಂಕಿಗೆ ಹಗ್ಗ ಕಟ್ಟಿ ವಿಮಾನ ಹತ್ತುವವರಿದ್ದರು. ಟಿಕೇಟು ಹೇಗೂ ಫ್ರೀ ಸಿಗುತ್ತದಲ್ಲ ಎಂದು ನಾನು ಅವರಿಗೊಂದು ಹೊಸ ಸೂಟ್‌ಕೇಸು ತೆಗೆದೆ. ನೀಲಿ ಬಣ್ಣದ್ದು, ಎರಡು ಬೀಗದ್ದು. ಹಿಂದೆ ಕೊಡಲೂ ಆಗುವುದಿಲ್ಲ, ಬೋರ್ಡು ಬರೆಯುವವರಿಂದ "ಎಲ್. ಮಿನೇಜಸ್, ಮಸ್ಕತ್" ಎಂದು ಬಿಳಿ ಪೇಂಟಿನಲ್ಲಿ ಬರೆಸಿಬಿಟ್ಟಿದ್ದೇನೆ. ಈ ಹೆಸರಿನವರು ಮಸ್ಕತ್ತಿಗೆ ಹೋಗುವವರು ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಬೇಕು. ಮಮ್ಮಿಗೆ ಇದಾವುದೂ ಗೊತ್ತಿಲ್ಲ. ಶಶಿಪ್ರಭಾ ಸಾಲ ಕೊಡಲು ಮುಂದೆ ಬಂದಳು. ಅವಳ ಡಬ್ಬಿ ಒಡೆದಾಗ ಹದಿನಾಲ್ಕು ರೂಪಾಯಿಯೂ ಒಂದು ಸಿಲೋನಿನ ನಾಣ್ಯವೂ ಸಿಕ್ಕಿತು.

ಇಷ್ಟು ದೊಡ್ಡ ಮೂರ್ಖತನಕ್ಕೆ ಧೈರ್ಯ ಎಲ್ಲಿಂದ ಬಂತು ಎನ್ನುತ್ತೀರಾ? ಮಮ್ಮು ಕೊಟ್ಟ ಮಾತಿನಿಂದ. ಆಗಸ್ಟಿನಲ್ಲೇ ನಾನು ಅಳುವ ಮುಖ ಮಾಡಿ ಕೇಳಿದ್ದೆ. ಅವರು, "ಹೆದರುವುದು ಎಂತಕ್ಕೆ ಬಾಯಮ್ಮ? ಕೊನೆಗೆ ಒಟ್ಟಿಗೆ ಹೊಡೆದು ಕೊಡ್ತೇನೆ" ಎಂದಿದ್ದರು. ನಮ್ಮೂರಿನಲ್ಲಿ ಹಾಲಿನವರು, ಪೇಪರಿನವರು, ಮೀನಿನವರು ಎಲ್ಲರ ಲೆಕ್ಕವೂ ಕೊನೆಗೆ ಒಟ್ಟಿಗೆಯೇ. ಆಮೇಲೆ ನಾನು ಪೀಡಿಸಿದಾಗಲೆಲ್ಲ ಒಂದೊಂದು ಹೊಡೆದು ಸಮಾಧಾನ ಮಾಡಿದರು. ಹೀಗೆ ಒಟ್ಟು ಹನ್ನೊಂದಾಯಿತು.

ಡಿಸೆಂಬರ್ ಹದಿನಾಲ್ಕರ ಬೆಳಿಗ್ಗೆ ಅವರು ಮಾತು ಉಳಿಸಿಕೊಂಡರು. ಕುಲಶೇಖರದಲ್ಲಿ ಸೀಟಿನ ತುದಿಯಲ್ಲಿ ಕುಳಿತು, ನನ್ನ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದರು. ಬಸ್ಸಿನವರೆಲ್ಲ ಎಣಿಸತೊಡಗಿದರು. ನಂತೂರು ದಾಟುವಾಗ ಎಪ್ಪತ್ತು. ಮಲ್ಲಿಕಟ್ಟೆಯಲ್ಲಿ ನೂರ ಇಪ್ಪತ್ತು. ಅಲ್ಲಿ ಅವರ ಹೆಬ್ಬೆರಳು ಕೆಂಪಾಗಿ, ಹೂ ಮಾರುವ ಒಬ್ಬ ಹೆಂಗಸು ಒದ್ದೆ ಬಟ್ಟೆ ಸುತ್ತಿ ಕೊಟ್ಟರು. "ಇನ್ನು ಸ್ವಲ್ಪ ಉಂಟು ಬ್ಯಾರಿಗಳೇ, ಬಿಡ್ಬೇಡಿ!" ಎಂದು ಹಿಂದಿನಿಂದ ಮಮ್ಮು ಅವರಿಗೆ ಬಾಸಿಲನ ಬೊಬ್ಬೆ. ಹಂಪನಕಟ್ಟೆಯಲ್ಲಿ ಇನ್ನೂರಾದಾಗ ಡ್ರೈವರು ಹಾರ್ನ್ ಬಾರಿಸಿದರು. ನಿಮಗೆ ಬೇಸರವಾಗದಿದ್ದರೆ ಒಂದು ಮಾತು: ಅಷ್ಟು ಹೊತ್ತು ಆ ಬಸ್ಸಿನಲ್ಲಿ ಒಬ್ಬರಿಗೂ ಟಿಕೇಟು ಕೊಟ್ಟಿರಲಿಲ್ಲ.

ಅಲ್ಲಿಂದ ನೇರ ನಿಮ್ಮ ಕಿಟಕಿಗೆ ಹೋದೆ. ಗುಣಪಾಲರು ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತೂತು ಹೊಡೆಯುವ ನಿಮ್ಮ ಪಂಚಿಗೆ ತಿಂಗಳಿಗೊಂದು ಆಕಾರವೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಜುಲೈಗೆ ದುಂಡು, ಆಗಸ್ಟಿಗೆ ತ್ರಿಕೋನ, ಹೀಗೆ ಬಂದು ಡಿಸೆಂಬರಿಗೆ ನಕ್ಷತ್ರ. ನನ್ನ ಕಾರ್ಡಿನಲ್ಲಿ ನೂರ ಎಂಬತ್ತೊಂಬತ್ತು ನಕ್ಷತ್ರಗಳಿದ್ದವು. ಒಳಗೊಂದು ಬಲ್ಬು ಇಟ್ಟರೆ ಕ್ರಿಸ್‌ಮಸ್ಸಿಗೆ ಮನೆಯೆದುರು ತೂಗುಹಾಕಬಹುದಿತ್ತು.

"ಇವತ್ತು ತಾರೀಕು ಹದಿನಾಲ್ಕು" ಎಂದರು ಗುಣಪಾಲರು. "ಹದಿನಾಲ್ಕು ದಿನದಲ್ಲಿ ನೂರ ಎಂಬತ್ತೊಂಬತ್ತು ಸಲ ಬಸ್ಸು ಹತ್ತಿದ್ದೀರಾ?"

"ಇಲ್ಲ ಸರ್. ಜುಲೈಯಿಂದ ಹತ್ತಿದ್ದು. ನಿಮಗೆ ಗೊತ್ತಲ್ಲ."

"ನನಗೆ ಗೊತ್ತುಂಟು. ಪಂಚಿಗೆ ಗೊತ್ತಿಲ್ಲ. ಬಹುಮಾನ ಆಗುವುದಿಲ್ಲ." ಕೆಮ್ಮಿದರು. "ಬಿಲ್ಲು ಎಪ್ಪತ್ತೈದು ರೂಪಾಯಿ ಅರವತ್ತು ಪೈಸೆ. ಮೂವತ್ತೊಂದರ ಒಳಗೆ ಕಟ್ಟಿ."

ಪಕ್ಕದಲ್ಲೇ ನಿಂತಿದ್ದ ಬಾಸಿಲ್ ತನ್ನ ಫ್ರೀ ಟಿಕೇಟನ್ನು ಕಿಟಕಿಯೊಳಗೆ ತಳ್ಳಿ, "ಇದನ್ನು ಇವಳಿಗೆ ಕೊಡಿ ಮಾರಾಯ್ರೇ, ಸಮುದ್ರ ನಾನು ಪಣಂಬೂರಿನಲ್ಲಿ ನೋಡ್ತೇನೆ" ಎಂದ. ಅವನನ್ನು ಮೇಲೆ ಕಳ್ಳ ಎಂದು ಬರೆದದ್ದಕ್ಕೆ ಇಲ್ಲಿ ಕ್ಷಮೆ ಕೇಳುತ್ತೇನೆ. ಆ ಸಾಲು ಹೊಡೆದು ಹಾಕಲು ಶಶಿಪ್ರಭಾ ಬಿಡಲಿಲ್ಲ, ವಾಕ್ಯ ಚೆನ್ನಾಗಿದೆಯಂತೆ. ಅವನ ಟಿಕೇಟು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲವಂತೆ, ಅದರಲ್ಲಿ ಅವನ ಫೋಟೋ ಉಂಟಂತೆ. ಅವನ ಮೀಸೆಗೂ ನನ್ನ ಎರಡು ಜಡೆಗೂ ಇರುವ ವ್ಯತ್ಯಾಸವನ್ನು ನಿಮ್ಮ ಆಫೀಸು ತುಂಬ ಚೆನ್ನಾಗಿ ಗುರುತಿಸಿತು.

ಈಗ ನನ್ನ ಬೇಡಿಕೆ. ನಾನು ನೂರ ಎಂಬತ್ತೊಂಬತ್ತು ಸಲ ಪ್ರಯಾಣ ಮಾಡಿದ್ದು ಹೌದಾದರೆ ಬಿಲ್ಲೂ ಹೌದು, ಬೊಂಬಾಯಿಯೂ ಹೌದು. ಮಾಡಿದ್ದು ಇಲ್ಲವಾದರೆ ಬೊಂಬಾಯಿಯೂ ಇಲ್ಲ, ಬಿಲ್ಲೂ ಇಲ್ಲ, ಹರಿದು ಹಾಕಿ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಿಮ್ಮದು. ಮೊದಲನೆಯದನ್ನೇ ಆರಿಸಬೇಕೆಂದು ನನ್ನ ಪ್ರಾರ್ಥನೆ. ಬಿಲ್ಲಿನ ಹಣವನ್ನು ಜನವರಿಯಿಂದ ಟ್ಯೂಷನ್ ಹೇಳಿಯಾದರೂ ಕಟ್ಟುತ್ತೇನೆ. ನಿಜವಾಗಿ ನಾನು ಇನ್ನೂರಕ್ಕಿಂತ ಹೆಚ್ಚು ಸಲವೇ ಬಂದವಳು. ಆ ಹೆಚ್ಚಿನದ್ದಕ್ಕೆ ತೂತಿಲ್ಲದಿದ್ದರೂ ಕೊಡುತ್ತೇನೆ.

ಮಮ್ಮು ಅವರನ್ನು ಏನೂ ಮಾಡಬೇಡಿ. ಅವರ ಹೆಸರು ಬರೆಯಬಹುದೇ ಎಂದು ಅವರನ್ನೇ ಕೇಳಿದೆ. "ಬರೀರಿ ಬಾಯಮ್ಮ. ಮಾಲಕರು ನನ್ನನ್ನು ತೆಗೆದರೆ ಗಾಡಿ ಹೊರಡುವುದಿಲ್ಲ. ಹಿಂದಿನ ಬಾಗಿಲಿಗೆ ಹಗ್ಗ ಹೇಗೆ ಕಟ್ಟುವುದೂಂತ ನನಗೆ ಮಾತ್ರ ಗೊತ್ತು" ಎಂದರು. ಅವರು ನನ್ನನ್ನು ನಂಬಿದ್ದು ತಪ್ಪೆಂದು ಯಾವ ರೂಲ್ಸಿನಲ್ಲಿದ್ದರೂ ಆ ರೂಲ್ಸನ್ನು ನಾನು ಓದಲಾರೆ, ಕೊನೆಯ ಸಾಲಿನವರೆಗೆ ಓದುವ ರೋಗವಿದ್ದರೂ.

ಇಪ್ಪತ್ತಮೂರರ ಸಂಜೆ ನಾಲ್ಕು ಗಂಟೆಗೆ ನಾನು ಹಂಪನಕಟ್ಟೆಯಲ್ಲಿ ನೀಲಿ ಸೂಟ್‌ಕೇಸಿನೊಂದಿಗೆ ನಿಂತಿರುತ್ತೇನೆ. ನಿಮ್ಮ ಉತ್ತರ ಬಂದರೂ ಸರಿ, ಬಾರದಿದ್ದರೂ ಸರಿ, ಬಸ್ಸು ಬಂದರೆ ಹತ್ತುತ್ತೇನೆ. ಧೈರ್ಯ ಈಗಲೂ ಅರ್ಧಕ್ಕಿಂತ ಕಡಿಮೆಯೇ. ಆದರೆ ಈ ಪತ್ರ ಅಚ್ಚಾದ ಮೇಲೆ ನಾನು ಊರಿಗೆಲ್ಲ ಗುರುತಿನವಳು. ಬೊಂಬಾಯಿ ಬಸ್ಸಿನ ಕಂಡಕ್ಟರೂ ಮಂಗಳೂರಿನವರೇ ಅಲ್ಲವೇ? ಗುರುತಿನವರ ಹತ್ತಿರ ಟಿಕೇಟು ಕೇಳುವುದು ಮರ್ಯಾದೆಯಾ ಎಂದು ಅವರು ಒಮ್ಮೆ ಮಮ್ಮು ಅವರನ್ನು ಕೇಳಿ ಬರಲಿ.

ಇಂತಿ,
ನೂರ ಎಂಬತ್ತೊಂಬತ್ತು ನಕ್ಷತ್ರಗಳ ಸಾಲಗಾತಿ,
ಎಸ್ತೆರ್ ಮಿನೇಜಸ್
ಪ್ರಥಮ ಬಿ.ಎ., ಕುಲಶೇಖರ

(ಬಸ್ಸಿನಲ್ಲಿ ಚಳಿ ಇರುತ್ತದೆಯೇ ಎಂದು ತಿಳಿಸಿದರೆ ಉಪಕಾರ. ನನ್ನ ಸ್ವೆಟರನ್ನು ಈಗಾಗಲೇ ಸೂಟ್‌ಕೇಸಿನ ಒಳಗೆ ಹಾಕಿ, ಎರಡೂ ಬೀಗ ಹಾಕಿಬಿಟ್ಟಿದ್ದೇನೆ.)