ಎಡಗಡೆಯ ಕುರ್ಚಿ

ಅಂಗಡಿಯಿಂದ,
ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಊಟ ಒಗ್ಗಿತಾ, ಬೆನ್ನುನೋವು ಕಡಿಮೆಯಾಯಿತಾ? ಅಮ್ಮ ಚೆನ್ನಾಗಿದ್ದಾಳೆ. ನಿಮ್ಮ ಹಡಗಿನ ಸುದ್ದಿಯಿಲ್ಲದೆ ಇವತ್ತಿಗೆ ಹನ್ನೆರಡು ದಿನ ಎಂಬುದನ್ನು ಅವಳಿಗೆ ಹೇಳಿಲ್ಲ. ಏನಾದರೂ ತಿಳಿದ ಕೂಡಲೇ ಫೋನ್ ಮಾಡುತ್ತೇವೆ ಎಂದು ಹಡಗು ಕಂಪನಿಯ ಕಚೇರಿಯವರು ಹೇಳಿದ್ದಾರೆ. ಈ ಪತ್ರವನ್ನು ಮುಂದಿನ ಬಂದರಿನ ವಿಳಾಸಕ್ಕೆ ಹಾಕುತ್ತಿದ್ದೇನೆ, ಇಳಿದ ತಕ್ಷಣ ಓದು.

ಮೊದಲು ಜಗಳ ಮುಗಿಸುತ್ತೇನೆ. ನೀನು ಮಹಾ ಮೋಸಗಾರ. ನಮ್ಮ ವಿಡಿಯೋ ಗೇಮ್ ಅಂಗಡಿಯ ಆ ಹಳೆಯ ಹೊಡೆದಾಟದ ಮಷೀನಿನಲ್ಲಿ ಚಿಕ್ಕಂದಿನಿಂದ ನಾನೇ ಗೆಲ್ಲುತ್ತಿದ್ದೆನಲ್ಲ, ಊರಿಗೆಲ್ಲ ಹೇಳಿಕೊಂಡು ಮೆರೆದೆನಲ್ಲ. ಕಳೆದ ವಾರ ಅದನ್ನು ಬಿಚ್ಚಿದೆ. ಇಬ್ಬರ ಹೊಡೆತ ಒಂದೇ ಕ್ಷಣಕ್ಕೆ ಡಿಕ್ಕಿಯಾದರೆ ಜೋರಿನದು ಗೆಲ್ಲಬೇಕು, ಸಮವಾಗಿದ್ದರೆ ಇಬ್ಬರೂ ಹಿಂದಕ್ಕೆ ಜಾರಬೇಕು, ಹೌದು ತಾನೆ? ಪರೀಕ್ಷೆ ಮಾಡಲು ಎರಡೂ ಕಡೆಯ ಗುದ್ದಿನ ಗುಂಡಿಗಳನ್ನು ಒಂದೇ ಸ್ವಿಚ್ಚಿಗೆ ಜೋಡಿಸಿ ನೂರು ಸಲ ಒತ್ತಿದೆ. ನೂರು ಸಲವೂ ಬಲಗಡೆಯವನೇ ಬಿದ್ದ. ಮಷೀನು ಎಡಗಡೆಯ ಹೊಡೆತವನ್ನೇ ಮೊದಲು ನೋಡುತ್ತದೆ. ಅದನ್ನು ರಿಪೇರಿ ಮಾಡುತ್ತಿದ್ದ ನಿನಗೆ ಇದು ಗೊತ್ತಿತ್ತು. ಅದಕ್ಕೇ "ಗೋಡೆ ಕಡೆ ಕೂತ್ಕೋ, ಫ್ಯಾನ್ ಗಾಳಿ ಬರುತ್ತೆ" ಎಂದು ನನ್ನನ್ನು ಯಾವಾಗಲೂ ಎಡಕ್ಕೆ ಕೂರಿಸುತ್ತಿದ್ದೆ. ಹೊಟ್ಟೆ ಉರಿಯುತ್ತದೆ, ಅಳುವೂ ಬರುತ್ತದೆ.

ಅಂಗಡಿಯನ್ನು ನನ್ನ ತಲೆಗೆ ಕಟ್ಟಿ ನೀನು ಹೊರಟ ದಿನವೂ ಹಾಗೇ ಆಯಿತು. ಬಾಗಿಲಲ್ಲಿ ಇಬ್ಬರೂ ಒಟ್ಟಿಗೆ ಬಾಯಿ ತೆರೆದೆವು. ನಾನು "ಹೋಗು, ಮತ್ತೆ ಈ ಕಡೆ ಬರಬೇಡ" ಅಂದೆ. ನೀನೂ ಏನೋ ಅಂದೆ. ನನ್ನ ಅರಚಾಟದಲ್ಲಿ ಅದು ಕೇಳಿಸಲೇ ಇಲ್ಲ.

ಇನ್ನೊಂದು ವಿಷಯ, ನಗಬೇಡ. ಗುರುವಾರದಿಂದ ನಾನು ಒಬ್ಬಳೇ ಆಡುವಾಗ ತೆರೆಯ ಮೇಲೆ ಬಲಗಡೆಯವನು ಅಲ್ಲಾಡುತ್ತಾನೆ. ಯಾರೂ ಮುಟ್ಟದಿದ್ದರೆ ಅವನು ಸುಮ್ಮನೆ ನಿಂತಿರಬೇಕು. ವೈರು ಸಡಿಲವಿರಬಹುದೆಂದು ಬಲಗಡೆಯ ಹಿಡಿ, ಗುಂಡಿ ಎಲ್ಲ ಕಿತ್ತು ಮೇಜಿನ ಮೇಲಿಟ್ಟೆ. ಆದರೂ ಎರಡು ಹೆಜ್ಜೆ ಹಿಂದೆ ಹೋಗಿ, ಕೂತು, ಎದ್ದು, ಒಂದು ಗುದ್ದು ಹಾಕುತ್ತಾನೆ. ಹಾಗೆ ಕೂತು ಏಳುವ ಚಾಳಿ ನಿನ್ನೊಬ್ಬನದೇ. ಅವನ ಗುದ್ದು ನನ್ನದರ ಜೊತೆಗೇ ಬರುತ್ತದೆ, ಒಂದು ಚೂರೂ ಹಿಂದೆಮುಂದೆ ಇಲ್ಲ. ಪ್ರತಿ ಸಲವೂ ಬೀಳುತ್ತಾನೆ. ನಿನ್ನೆ ಬಲಗಡೆಯ ನಿನ್ನ ಕುರ್ಚಿಯನ್ನು ಮುಟ್ಟಿ ನೋಡಿದೆ, ಒದ್ದೆಯಾಗಿತ್ತು. ಸೂರು ಎಲ್ಲೂ ಸೋರುತ್ತಿಲ್ಲ.

ಮೈ ಹುಷಾರು. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಅಮ್ಮನ ಆಶೀರ್ವಾದ ಇದ್ದೇ ಇದೆ, ನನ್ನ ಕಡೆಯಿಂದ ತಲೆಗೊಂದು ಮೊಟಕು.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಆಟ ಆಡಿದೆ. ಬಲಗಡೆಯದನ್ನು ಜೋಡಿಸಿ, ಎಡಗಡೆಯದನ್ನು ಕಿತ್ತಿಟ್ಟು, ನಿನ್ನ ಜಾಗದಲ್ಲಿ ನಾನು ಕೂತೆ. ಒಂದು ಸಲವಾದರೂ ನೀನು ಗೆಲ್ಲಬೇಕು ಅಂತ. ಎಡಗಡೆಯವನು ಎರಡು ಹೆಜ್ಜೆ ಹಿಂದೆ ಹೋದ, ಕೂತ, ಎದ್ದ. ನಾನು ಗುದ್ದಿದೆ. ಅವನು ಕೈ ಎತ್ತಲೇ ಇಲ್ಲ, ಬಿದ್ದ. ಗೆಲ್ಲುವ ಕುರ್ಚಿ ಕೊಟ್ಟರೂ ನನಗೆ ಸೋಲುವವನು ನೀನೊಬ್ಬನೇ. ಈಗ ಫೋನ್ ಬಡಿದುಕೊಳ್ಳುತ್ತಿದೆ, ಕಚೇರಿಯ ನಂಬರು. ಎತ್ತುವ ಮೊದಲೇ ಬರೆದುಬಿಡುತ್ತೇನೆ ಅಣ್ಣಾ, ಬರಬೇಡ ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಹೇಗಿದ್ದರೂ ಸರಿ, ಬಾ.